ಹೋಂಸ್ಟೇ ಅಂಗಳದಲ್ಲಿ ಜೀಬ್ರಾ ಪಳಗಿಸಬಹುದೇ?

ಪ್ರಶ್ನೆ: ಕೊಡಗಿನ ಸಿದ್ದಾಪುರದ ಹತ್ತಿರ ನಮ್ಮದು ಕಾಫಿ ತೋಟ, ಜೊತೆಗೊಂದು ಹೋಂಸ್ಟೇ. ಬರುವ ಮಕ್ಕಳಿಗೆ ಸವಾರಿ ಮಾಡಿಸಲೆಂದು ಎರಡು ಕುದುರೆ ಸಾಕಿದ್ದೇವೆ. ಪರಿಚಯದ ವ್ಯಾಪಾರಿಯೊಬ್ಬರು ಹೊರದೇಶದಿಂದ ಜೀಬ್ರಾ ಜೋಡಿ ತರಿಸಿಕೊಡುತ್ತೇನೆ, ಸರ್ಕಸ್ಸಿನವರು ಕಲಿಸುವ ಹಾಗೆ ನೀವೂ ನಾಲ್ಕು ಆಟ ಕಲಿಸಬಹುದು ಎನ್ನುತ್ತಿದ್ದಾರೆ. ತಲಚೇರಿ ಕಡೆಯ ಹಳೆಯ ಸರ್ಕಸ್ ಕಲಾವಿದರೊಬ್ಬರನ್ನು ಕೇಳಿದೆ. ‘ಅದು ಹೊಡೆದರೆ ಮಾತ್ರ ಬಗ್ಗುವ ಜಾತಿ’ ಅಂದರು. ದುಬಾರೆಯಲ್ಲಿ ಕಾಡಾನೆಯನ್ನೇ ಕೆಲವು ತಿಂಗಳಲ್ಲಿ ಪಳಗಿಸುತ್ತಾರೆ. ಕುದುರೆಗಿಂತ ಸಣ್ಣದಾದ ಜೀಬ್ರಾ ಅಷ್ಟೊಂದು ಕಷ್ಟವೇ?

ಉತ್ತರ: ಕಷ್ಟವೇ. ದಯವಿಟ್ಟು ತರಿಸಬೇಡಿ. ಇಷ್ಟು ಹೇಳಿ ಪತ್ರ ಮುಗಿಸಬಹುದಿತ್ತು, ಆದರೆ ದುಬಾರೆಯ ಆನೆಯನ್ನು ಮುಂದಿಟ್ಟು ನೀವು ಕೇಳಿರುವ ಪ್ರಶ್ನೆಗೆ ಸರಿಯಾದ ಉತ್ತರ ಸಿಗಬೇಕು. ಕುದುರೆಗಳಿಗೂ ಮೃಗಾಲಯದ ಗೊರಸಿನ ಪ್ರಾಣಿಗಳಿಗೂ ಚಿಕಿತ್ಸೆ ಮಾಡಿದ ಪಶುವೈದ್ಯನಾಗಿ ನನಗೆ ತಿಳಿದಷ್ಟನ್ನು ಬರೆಯುತ್ತೇನೆ.

ಮೊದಲು ಒಂದು ತಪ್ಪು ಕಲ್ಪನೆ ಬಿಡೋಣ. ಜೀಬ್ರಾ ದಡ್ಡ ಪ್ರಾಣಿಯಲ್ಲ. ಕಲಿಯುವ ವೇಗದಲ್ಲಿ ಅದು ಕುದುರೆಗೆ ಕಡಿಮೆಯಿಲ್ಲ. ಒಳ್ಳೆಯ ಮೃಗಾಲಯಗಳಲ್ಲಿ ಜೀಬ್ರಾಗಳು ಪಾಲಕರು ಕರೆದರೆ ಬರುತ್ತವೆ, ಕೋಲಿನ ತುದಿಗೆ ಕಟ್ಟಿದ ಚೆಂಡಿಗೆ ಮೂಗು ತಾಗಿಸುತ್ತವೆ, ಕಿರಿದಾದ ಓಣಿಯೊಳಗೆ ತಾವಾಗಿ ನಡೆದು ಬಂದು ನಿಲ್ಲುತ್ತವೆ. ಯುರೋಪಿನ ಸರ್ಕಸ್‌ಗಳಲ್ಲಿ ಲಗಾಮಿಲ್ಲದೆ ಗುಂಪಾಗಿ ರಿಂಗ್ ಸುತ್ತುವುದು, ಸನ್ನೆಗೆ ನಿಲ್ಲುವುದು, ಒಟ್ಟಿಗೆ ಹಿಂದಕ್ಕೆ ತಿರುಗುವುದು, ಮುಂಗಾಲನ್ನು ಗಿಡ್ಡ ಪೀಠದ ಮೇಲೆ ಇಡುವುದು ಇವೆಲ್ಲವನ್ನೂ ಜೀಬ್ರಾಗಳು ಮಾಡಿವೆ. ತೊಡಕು ಇರುವುದು ಬೇರೆ ಕಡೆ. ಬೆದರಿದ ಗಳಿಗೆಯಲ್ಲಿ ಕಲಿತದ್ದೆಲ್ಲ ಅದರ ತಲೆಯಿಂದ ಹೋಗಿಬಿಡುತ್ತದೆ. ಅದು ಬೆದರುವುದಕ್ಕೆ ದೊಡ್ಡ ಕಾರಣವೂ ಬೇಕಿಲ್ಲ.

ಹಗ್ಗ ಹಾಕುವುದನ್ನೇ ನೋಡಿ. ನಿಮ್ಮ ಕುದುರೆ ಮುಖಹಗ್ಗ ಕಂಡರೆ ಮೂಗು ಮುಂದೆ ತರುತ್ತದೆ. ಜೀಬ್ರಾ ಹಾಗಲ್ಲ. ನಿಮ್ಮ ಭುಜ ಅಲುಗುವಾಗಲೇ ಅದರ ಎರಡೂ ಕಿವಿ ಹಿಂದಕ್ಕೆ ಮಲಗುತ್ತವೆ. ಹಗ್ಗ ಹತ್ತಿರ ಬರುವ ಹೊತ್ತಿಗೆ ತಲೆ ಕೆಳಗೆ ತಗ್ಗಿ ಪಕ್ಕಕ್ಕೆ ಸರಿದಿರುತ್ತದೆ. ಗೋಡೆಯ ಮೂಲೆಗೆ ಒತ್ತಿ ಹಿಡಿದಿರೋ, ಅಲ್ಲಿಂದ ಮುಂದೆ ಹಲ್ಲಿನ ಮಾತು. ಕುದುರೆ ಸಾಮಾನ್ಯವಾಗಿ ಕಚ್ಚಿ ಬಿಡುತ್ತದೆ. ಜೀಬ್ರಾ ಗಂಡು ಕಚ್ಚಿ ಹಿಡಿದುಕೊಳ್ಳುತ್ತದೆ, ಹಿಡಿದೇ ಜಗ್ಗುತ್ತದೆ. ಕಾಡಿನಲ್ಲಿ ಎರಡು ಗಂಡುಗಳು ಜಗಳವಾಡುವುದೂ ಹೀಗೆಯೇ, ಒಂದರ ಕಾಲು, ಕುತ್ತಿಗೆ ಇನ್ನೊಂದರ ಬಾಯಲ್ಲಿ. ಹಿಂಗಾಲಿನ ಒದೆತದ ಬಗ್ಗೆ ಕುದುರೆ ಸಾಕಿದ ನಿಮಗೆ ಹೇಳಬೇಕಿಲ್ಲ. ಜೀಬ್ರಾದ ಒದೆತ ಸಿಂಹದ ದವಡೆ ಮುರಿಯಬಲ್ಲದು.

ಇಷ್ಟು ಬೆದರುವ ಗುಣ ಎಲ್ಲಿಂದ ಬಂತು? ಆಫ್ರಿಕಾದ ಬಯಲಿನಲ್ಲಿ ಸಿಂಹ, ಕತ್ತೆಕಿರುಬ, ಕಾಡುನಾಯಿ, ಹೊಳೆ ದಾಟುವಲ್ಲಿ ಮೊಸಳೆ. ಇವುಗಳ ಜೊತೆ, ಮನುಷ್ಯ ಬೇಟೆಗಾರ ಹುಟ್ಟಿ ಬೆಳೆದದ್ದೂ ಅಲ್ಲೇ. ನಿಂತು ಯೋಚಿಸಿದ ಜೀಬ್ರಾಗೆ ಅಲ್ಲಿ ಮರಿಯಾಗಲಿಲ್ಲ. ಹುಟ್ಟಿದ ಮರಿ ಕಾಲು ಗಂಟೆಯೊಳಗೆ ಎದ್ದು ನಿಲ್ಲುತ್ತದೆ, ಗಂಟೆಯಾಗುವಷ್ಟರಲ್ಲಿ ಓಡುತ್ತದೆ. ದೊಡ್ಡವು ಗಂಟೆಗೆ 60 ಕಿಲೋಮೀಟರ್ ದಾಟಿ ಓಡಬಲ್ಲವು.

ಕುದುರೆಯ ಪೂರ್ವಜರೂ ಹೆದರುವ ಪ್ರಾಣಿಗಳೇ ಆಗಿದ್ದವು. ಆದರೆ ಇವತ್ತಿನ ಸಾಕು ಕುದುರೆಯ ವಂಶ ಮನುಷ್ಯನ ಕೈಗೆ ಬಂದು ನಾಲ್ಕು ಸಾವಿರ ವರ್ಷದ ಮೇಲಾಯಿತು, ಕತ್ತೆ ಅದಕ್ಕೂ ಎಷ್ಟೋ ಮೊದಲೇ ಬಂತು. ಅಷ್ಟು ತಲೆಮಾರುಗಳಲ್ಲಿ ಸವಾರನನ್ನು ಕೆಡವಿದ ಕುದುರೆಗೆ ಮರಿ ಮಾಡಿಸಿದವರು ಕಡಿಮೆ. ಸೌಮ್ಯವಾದವನ್ನೇ ಆರಿಸಿ ಆರಿಸಿ ಉಳಿಸಿಕೊಂಡರು. ಜೀಬ್ರಾದ ವಿಷಯದಲ್ಲಿ ಈ ಕೆಲಸವನ್ನು ಯಾರೂ ಮಾಡಲಿಲ್ಲ. ಅತಿ ಚೆನ್ನಾಗಿ ಕಲಿತ ತಾಯಿ ಜೀಬ್ರಾ ಹಾಕಿದ ಮರಿಯೂ ಹುಟ್ಟುವಾಗ ಸೆರೆಂಗೆಟಿಯ ಮರಿಯಷ್ಟೇ ಕಾಡುಮರಿ. ಕಲಿಸುವವನು ಪ್ರತಿ ಸಲವೂ ಮೊದಲಿನಿಂದ ಶುರು ಮಾಡಬೇಕು.

ಈಗ ನಿಮ್ಮ ಆನೆಯ ಪ್ರಶ್ನೆ. ಆನೆಯೂ ಸಾಕು ತಳಿಯಲ್ಲ ಎಂಬುದು ನಿಜ. ದುಬಾರೆ, ಮತ್ತಿಗೋಡು ಶಿಬಿರಗಳಲ್ಲಿ ಕಾಡಿನಿಂದ ಹಿಡಿದು ತಂದ ದೊಡ್ಡ ಆನೆಗಳೇ ಕ್ರಾಲ್ ಎಂಬ ದಿಮ್ಮಿಯ ದೊಡ್ಡಿಯಲ್ಲಿ ಪಳಗಿ ಹೊರಬಂದಿವೆ. ದಸರಾ ಅಂಬಾರಿ ಹೊತ್ತ ಮತ್ತಿಗೋಡಿನ ಅಭಿಮನ್ಯುವೂ ಕಾಡಿನಿಂದ ಬಂದವನೇ. ಆದರೆ ಆ ಮರದ ದಿಮ್ಮಿಯ ಕ್ರಾಲ್ ಮುಂದೆ ನಿಂತು ನೋಡಿದ್ದರೆ ನಿಮಗೊಂದು ವಿಷಯ ಕಂಡಿರುತ್ತದೆ. ಮೊದಲ ದಿನಗಳ ಆರ್ಭಟ ಕಳೆದ ಮೇಲೆ ಆನೆ ನಿಲ್ಲುತ್ತದೆ. ನಿಂತು ಮಾವುತನನ್ನು ಗಮನಿಸುತ್ತದೆ. ಬೆಳೆದ ಆನೆಯನ್ನು ಬೇಟೆಯಾಡುವ ಪ್ರಾಣಿ ಕಾಡಿನಲ್ಲಿಲ್ಲ, ಹಾಗಾಗಿ ಹೊಸದನ್ನು ಕಂಡಕೂಡಲೇ ಓಡಿ ಜೀವ ಉಳಿಸಿಕೊಳ್ಳಬೇಕೆಂಬ ಒತ್ತಡ ಅದರ ಮೈಯಲ್ಲಿ ಅಷ್ಟಿಲ್ಲ. ಕಬ್ಬು, ಬೆಲ್ಲ, ಭತ್ತದ ಹುಲ್ಲು ಹಿಡಿದು ಹಗಲೂ ರಾತ್ರಿ ಪಕ್ಕದಲ್ಲೇ ಇರುವ ಮಾವುತ, ಕಾವಾಡಿಗಳ ದನಿ, ಮೈವಾಸನೆ ಅದಕ್ಕೆ ಗುರುತಾಗುತ್ತದೆ. ಆ ನಂಟು ದಶಕಗಟ್ಟಲೆ ಉಳಿಯುತ್ತದೆ. ಇದರ ಹಿಂದೆ ಜೇನುಕುರುಬ ಕುಟುಂಬಗಳು ತಲೆಮಾರುಗಳಿಂದ ಕಾಪಾಡಿಕೊಂಡ ವಿದ್ಯೆಯಿದೆ. ಇಷ್ಟೆಲ್ಲ ಇದ್ದೂ ಪಳಗಿದ ಆನೆ ಮಾವುತನ ಮೇಲೆ ತಿರುಗಿದ್ದುಂಟು.

ಜೀಬ್ರಾವನ್ನು ಅದೇ ರೀತಿಯ ಕ್ರಾಲ್‌ಗೆ ಹಾಕಿದರೆ ಅದು ನಿಂತು ಗಮನಿಸುವುದಿಲ್ಲ. ದಿಮ್ಮಿಗೆ ಹೊಡೆದುಕೊಂಡು ಕುತ್ತಿಗೆ ಮುರಿದುಕೊಳ್ಳಬಹುದು. ಮೈಮೇಲೆ ಗಾಯವೇ ಇಲ್ಲದೆಯೂ ಸಾಯಬಹುದು. ವಿಪರೀತ ಭಯದಲ್ಲಿ ಸೆಣಸಾಡಿದ ಪ್ರಾಣಿಯ ಸ್ನಾಯುಗಳು ಒಳಗೊಳಗೇ ಕರಗಲು ಶುರುವಾಗುತ್ತವೆ. ಕೆಲವು ಗಂಟೆಗಳಲ್ಲಿ ಮೈ ಸೆಟೆದು, ಮೂತ್ರ ಕಾಫಿ ಡಿಕಾಕ್ಷನ್ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಮೂತ್ರಪಿಂಡ ಸೋಲುತ್ತದೆ. ಜಿಂಕೆ, ಕಡವೆ ಹಿಡಿದು ಸಾಗಿಸುವಾಗಲೂ ನಾವು ಪಶುವೈದ್ಯರು ಹೆದರುವುದು ಇದಕ್ಕೇ.

ಜೀಬ್ರಾ ಪಳಗಿಸಲು ಹೊರಟವರು ನೀವೇ ಮೊದಲಿಗರಲ್ಲ. 19ನೇ ಶತಮಾನದ ಕೊನೆಗೆ ಲಂಡನ್ನಿನ ಸಿರಿವಂತ ವಾಲ್ಟರ್ ರಾತ್ಸ್‌ಚೈಲ್ಡ್ ಜೀಬ್ರಾ ಕಟ್ಟಿದ ಗಾಡಿಯನ್ನು ಬಕಿಂಗ್‌ಹ್ಯಾಮ್ ಅರಮನೆಯವರೆಗೆ ಓಡಿಸಿ ತೋರಿಸಿದ. 20ನೇ ಶತಮಾನದ ಆರಂಭದಲ್ಲಿ ನೈರೋಬಿಯಲ್ಲಿದ್ದ ಗೋವಾ ಮೂಲದ ವೈದ್ಯ ರೊಸೆಂಡೊ ರಿಬೇರೊ ರೋಗಿಗಳ ಮನೆಗೆ ಜೀಬ್ರಾ ಏರಿ ಹೋಗುತ್ತಿದ್ದರು. ಇಂಥವರ ಚಿತ್ರಗಳನ್ನು ತೋರಿಸಿಯೇ ವ್ಯಾಪಾರಿಗಳು ಆಸೆ ಹುಟ್ಟಿಸುವುದು. ಅದೇ ಕಾಲದಲ್ಲಿ ಪೂರ್ವ ಆಫ್ರಿಕಾದ ಜರ್ಮನ್ ವಸಾಹತಿನವರಿಗೆ ಜೀಬ್ರಾ ನಿಜಕ್ಕೂ ಬೇಕಿತ್ತು. ಸೆಟ್ಸಿ ನೊಣದ ರೋಗ, ಆಫ್ರಿಕನ್ ಕುದುರೆ ಜ್ವರ ಎರಡೂ ಕುದುರೆಗಳನ್ನು ಸಾಲುಸಾಲಾಗಿ ಕೊಲ್ಲುತ್ತಿದ್ದವು, ಜೀಬ್ರಾ ಅವನ್ನು ತಡೆದುಕೊಳ್ಳುತ್ತಿತ್ತು. ಸರ್ಕಾರದ ಬಲವಿತ್ತು, ಹಿಡಿಯಲು ಲೆಕ್ಕವಿಲ್ಲದಷ್ಟು ಜೀಬ್ರಾಗಳಿದ್ದವು. ಆದರೂ ಆ ಪ್ರಯತ್ನ ದಡ ಸೇರಲಿಲ್ಲ. ಒಂದೆರಡು ಜೀಬ್ರಾಗಳನ್ನು ಒಬ್ಬ ತಾಳ್ಮೆಯ ಮನುಷ್ಯ ಹೇಗೋ ಒಗ್ಗಿಸಿಕೊಳ್ಳಬಹುದು. ದಿನಾ ದುಡಿಯುವ, ಗುರುತಿಲ್ಲದವರ ಕೈಯಲ್ಲೂ ನೆಮ್ಮದಿಯಾಗಿರುವ ಪ್ರಾಣಿಯಾಗಿ ಅದನ್ನು ಮಾಡಲು ಯಾರಿಂದಲೂ ಆಗಿಲ್ಲ.

ಸರ್ಕಸ್ಸಿನವರ ಹಾಗೆ ನೀವೂ ಕಲಿಸಬಹುದು ಎಂದು ವ್ಯಾಪಾರಿ ಹೇಳಿದ್ದಾರಲ್ಲ, ಅವರು ಹೇಗೆ ಕಲಿಸುತ್ತಾರೆ ನೋಡೋಣ. ವಿವರವಾಗಿಯೇ ಹೇಳುತ್ತೇನೆ, ಎಷ್ಟು ಬೇಕು ಎಂಬ ಅಂದಾಜು ಸಿಗಲಿ. ಸರ್ಕಸ್ ರಿಂಗಿನ ಅಡ್ಡಗಲ ಸುಮಾರು 13 ಮೀಟರ್, ಅಂದರೆ 42 ಅಡಿ. 1768ರಲ್ಲಿ ಲಂಡನ್ನಿನಲ್ಲಿ ಕುದುರೆ ಪ್ರದರ್ಶನ ಶುರು ಮಾಡಿದ ಫಿಲಿಪ್ ಆಸ್ಟ್ಲಿಯ ಕಾಲದಿಂದ ಬಂದ ಲೆಕ್ಕ ಅದು. ಓಡುವ ಕುದುರೆಯ ಮೇಲೆ ನಿಂತವನಿಗೆ ತೂಕ ತಪ್ಪದಿರಲು ಆ ಸುತ್ತು ಹೊಂದುತ್ತದೆ. ಜೀಬ್ರಾದ ಮೇಲೆ ಮಾತ್ರ ನಿಲ್ಲುವವರು ಇಲ್ಲವೆಂದೇ ಹೇಳಬೇಕು. ಅದರ ಹೆಗಲು ತಗ್ಗು, ಜೀನು ಕೂರುವುದಿಲ್ಲ. ಕುತ್ತಿಗೆ ಗಡುಸು, ಲಗಾಮು ಎಳೆದ ಕಡೆಗೆ ಬಾಗುವುದಿಲ್ಲ. ಅದಕ್ಕೇ ಜೀಬ್ರಾ ಆಟಗಳೆಲ್ಲ ಹೆಚ್ಚಾಗಿ ಸವಾರನಿಲ್ಲದ ಆಟಗಳು.

ಒಂಟಿ ಜೀಬ್ರಾಗೆ ಯಾರೂ ಕಲಿಸುವುದಿಲ್ಲ. ಒಟ್ಟಿಗೆ ಬೆಳೆದ ಎಳೆಯ ಹೆಣ್ಣುಗಳನ್ನೋ ಬೀಜ ಒಡೆಸಿದ ಗಂಡುಗಳನ್ನೋ ಗುಂಪಾಗಿ ತೆಗೆದುಕೊಳ್ಳುತ್ತಾರೆ. ಮೊದಲ ವಾರಗಳಲ್ಲಿ ಆಟವೇ ಇಲ್ಲ. ಕಲಿಸುವವನು ಖಾಲಿ ರಿಂಗಿನ ನಡುವೆ ಬಕೆಟ್ಟಿನಲ್ಲಿ ಕ್ಯಾರೆಟ್ ತುಂಡು ಇಟ್ಟುಕೊಂಡು ಸುಮ್ಮನೆ ನಿಲ್ಲುತ್ತಾನೆ. ಅವು ಅವನನ್ನು ಸುತ್ತುತ್ತಾ, ಕ್ರಮೇಣ ಸುತ್ತು ಕಿರಿದಾಗುತ್ತಾ ಬರುತ್ತದೆ. ಆಮೇಲಿನ ಪಾಠವೆಲ್ಲ ನಿಲ್ಲುವ ಜಾಗದ್ದು. ಪ್ರಾಣಿಯ ಹೆಗಲಿಗಿಂತ ಒಂದು ಹೆಜ್ಜೆ ಹಿಂದೆ ನಿಂತರೆ ಅದು ಮುಂದೆ ಹೋಗುತ್ತದೆ, ಒಂದು ಹೆಜ್ಜೆ ಮುಂದೆ ಬಂದರೆ ನಿಧಾನಿಸಿ ತಿರುಗುತ್ತದೆ. ಕೈಯಲ್ಲಿರುವ ಉದ್ದನೆಯ ಚಾಟಿ ತೋಳನ್ನು ಉದ್ದ ಮಾಡಿ ತೋರಿಸುವ ಸಾಧನ. ಅದು ಮೈಗೆ ತಾಗಿದರೆ ಆ ದಿನದ ಪಾಠ ಮುಗಿದ ಹಾಗೆ. ಸರಿಯಾಗಿ ನಿಂತ ಕ್ಷಣದಲ್ಲೇ ತಿಂಡಿ ಸಿಗಬೇಕು. ಎರಡು ಮೂರು ಸೆಕೆಂಡ್ ತಡವಾದರೂ ನಿಂತದ್ದಕ್ಕೆ ಸಿಕ್ಕಿತೋ, ಬಾಲ ಬೀಸಿದ್ದಕ್ಕೆ ಸಿಕ್ಕಿತೋ ಅದಕ್ಕೆ ತಿಳಿಯುವುದಿಲ್ಲ. ಪಾಠ ಹತ್ತು ಹದಿನೈದು ನಿಮಿಷ ದಾಟಬಾರದು. ಕಿವಿ ಯಾವ ಕಡೆ ತಿರುಗಿದೆ, ಮೂಗಿನ ಹೊಳ್ಳೆ ಅರಳಿದೆಯೇ, ತುಟಿ ಬಿಗಿದಿದೆಯೇ, ಬಾಲ ಕಾಲುಗಳ ನಡುವೆ ಒತ್ತಿದೆಯೇ ಎಂದು ಒಂದೇ ಸಮನೆ ಓದುತ್ತಿರಬೇಕು. ಕುದುರೆಯೊಂದಿಗೆ ಇಂಥ ಸೂಚನೆ ತಪ್ಪಿದರೆ ಇನ್ನೊಂದು ಸಿಗುತ್ತದೆ. ಜೀಬ್ರಾ ಮೊದಲ ಸೂಚನೆಯಿಂದ ನೇರ ಒದೆತಕ್ಕೆ ಹೋಗಬಲ್ಲದು.

ಇಷ್ಟಾದ ಮೇಲೆ ನಿಜವಾದ ಕಷ್ಟ ಎದುರಾಗುತ್ತದೆ. ಖಾಲಿ ರಿಂಗಿನಲ್ಲಿ ಕಲಿತದ್ದನ್ನು ಬ್ಯಾಂಡ್ ಸದ್ದು, ಬಣ್ಣದ ದೀಪ, ಚಪ್ಪಾಳೆ, ಗಾಳಿಗೆ ಪಟಪಟ ಬಡಿಯುವ ಡೇರೆ ಬಟ್ಟೆ ಇವುಗಳ ನಡುವೆ ಮಾಡಿಸಬೇಕು. ಒಂದೊಂದು ಸದ್ದನ್ನೂ ಬೇರೆ ಬೇರೆಯಾಗಿ ಮೆಲ್ಲಗೆ ಒಗ್ಗಿಸುತ್ತಾ ಹೋಗುತ್ತಾರೆ. ತಿಂಗಳುಗಟ್ಟಲೆ ಒಗ್ಗಿಸಿದ್ದನ್ನು ಮೊದಲ ಸಾಲಿನ ಮಗುವಿನ ಕೈಯಲ್ಲಿ ಒಡೆದ ಒಂದು ಬಲೂನು ಅಳಿಸಿಬಿಡಬಹುದು. ಸರ್ಕಸ್ ಅಂದರೆ ಊರಿಂದೂರಿಗೆ ಹೊಸ ಮೈದಾನ, ಹೊಸ ವಾಸನೆ, ಲಾರಿಯೊಳಗೆ ಕುಲುಕಾಟ. ಕಾಡಿನಲ್ಲಿ ಒಂದು ಜೀಬ್ರಾ ಮಲಗಿದರೆ ಇನ್ನೊಂದು ನಿಂತು ಕಾಯುತ್ತದೆ. ಕಾವಲಿಲ್ಲದ ಹೊಸ ಜಾಗದಲ್ಲಿ ಅದು ಮಲಗುವುದೇ ಇಲ್ಲ. ನಿಂತೇ ತೂಕಡಿಸಿದರೆ ಗಾಢ ನಿದ್ರೆ ಬರದು, ನಿದ್ರೆಯಿಲ್ಲದ ಪ್ರಾಣಿ ಮರುದಿನ ಇನ್ನೂ ಬೇಗ ಬೆದರುತ್ತದೆ. ಬೆದರುವ ಪ್ರಾಣಿಗೆ ಬೇಕಾದದ್ದು ಒಂದೇ ಜಾಗ, ಒಂದೇ ಗುಂಪು, ಅದೇ ನಾಲ್ಕು ಜನ. ಸರ್ಕಸ್ ಈ ಮೂರನ್ನೂ ಕಿತ್ತುಕೊಳ್ಳುತ್ತದೆ. ವಾರಕ್ಕೊಂದು ಹೊಸ ಮನೆಮಂದಿ ಬಂದಿಳಿಯುವ, ಮಕ್ಕಳು ಕೂಗಾಡುವ, ರಾತ್ರಿ ಕ್ಯಾಂಪ್‌ಫೈರ್ ಸುತ್ತ ಸ್ಪೀಕರ್ ಹಾಕುವ ಹೋಂಸ್ಟೇ ಅಂಗಳಕ್ಕೂ ಈ ಮಾತು ಹೊಂದುತ್ತದೆ.

ತಲಚೇರಿಯ ಹಿರಿಯರ ಮಾತಿಗೆ ಬರುತ್ತೇನೆ. ಮಾಕುಟ್ಟ ಘಾಟಿ ಇಳಿದರೆ ಸಿಗುವ ಆ ಊರು ಭಾರತದ ಸರ್ಕಸ್ಸಿನ ತವರು. 1901ರಲ್ಲಿ ಕೀಲೇರಿ ಕುಂಞಿಕಣ್ಣನ್ ಅಲ್ಲಿ ಸರ್ಕಸ್ ಶಾಲೆ ತೆರೆದರು. ಅಲ್ಲಿನ ಕಸರತ್ತು ಕಲಾವಿದರ ಬಗ್ಗೆ ನನಗೆ ಅಪಾರ ಗೌರವವಿದೆ. ಆದರೆ ಹೊಡೆದರೆ ಬಗ್ಗುತ್ತದೆ ಎಂಬುದನ್ನು ನಾನು ಒಪ್ಪುವುದಿಲ್ಲ, ನೀವೂ ಒಪ್ಪಬೇಡಿ. ನೋವಾದಾಗ ಪ್ರಾಣಿ ಆ ನೋವನ್ನು ಎದುರಿಗಿರುವ ಮನುಷ್ಯನ ಜೊತೆ ಸೇರಿಸಿ ನೆನಪಿಟ್ಟುಕೊಳ್ಳುತ್ತದೆ, ತಪ್ಪಿದ ಆಟದ ಜೊತೆಗಲ್ಲ. ಹೊಡೆತ ತಿಂದ ಜೀಬ್ರಾ ಎರಡರಲ್ಲಿ ಒಂದಾಗುತ್ತದೆ. ಒಂದೋ ಮನುಷ್ಯ ಹತ್ತಿರ ಬಂದರೆ ಮೊದಲೇ ಮೇಲೆ ಬೀಳುವುದನ್ನು ಕಲಿಯುತ್ತದೆ, ಇಲ್ಲವೇ ತಲೆ ತಗ್ಗಿಸಿ ಕಲ್ಲಿನ ಹಾಗೆ ನಿಂತುಬಿಡುತ್ತದೆ. ಈ ಎರಡನೆಯದನ್ನೇ ಬಹಳ ಮಂದಿ ‘ಪಳಗಿತು’ ಎಂದುಕೊಳ್ಳುವುದು. ಅಂಥ ಪ್ರಾಣಿ ಮೇವು ಬಿಡುತ್ತದೆ, ಒಂದೇ ಕಡೆ ಮೈ ತೂಗುತ್ತಾ ನಿಲ್ಲುತ್ತದೆ. ಯಾವತ್ತೋ ಒಂದು ದಿನ ಯಾವ ಸೂಚನೆಯೂ ಇಲ್ಲದೆ ಸಿಡಿಯುತ್ತದೆ.

ಎಳೆಯ ಮರಿ ತಂದು ಬಾಟಲಿ ಹಾಲು ಕೊಟ್ಟು ಬೆಳೆಸಿದರೆ ಹೇಗೆ ಎಂದು ಮುಂದೆ ಯಾರಾದರೂ ನಿಮಗೆ ಹೇಳಿಯಾರು. ಅದು ಇನ್ನೂ ಅಪಾಯ. ಹುಟ್ಟಿದ ಮೊದಲ ದಿನಗಳಲ್ಲಿ ತಾಯಿ ಜೀಬ್ರಾ ಬೇರೆಯವನ್ನು ಹತ್ತಿರ ಸೇರಿಸದೆ ತನ್ನ ಪಟ್ಟೆ, ದನಿ, ವಾಸನೆಯನ್ನು ಮರಿಗೆ ಗುರುತು ಮಾಡಿಸುತ್ತದೆ. ಆ ಜಾಗಕ್ಕೆ ಮನುಷ್ಯ ಬಂದರೆ ಮರಿಗೆ ಮನುಷ್ಯನೇ ತನ್ನ ಜಾತಿ. ಗಂಡುಮರಿಯಾದರೆ ಮೂರು ನಾಲ್ಕು ವರ್ಷಕ್ಕೆ ಬೆಳೆದು, ಸಾಕಿದವನನ್ನೇ ಎದುರಾಳಿ ಗಂಡು ಎಂದು ತಿಳಿದು ಕಚ್ಚಲು ಬರುತ್ತದೆ. ಭಯವಿಲ್ಲದ, ಸುಮಾರು 300 ಕಿಲೋ ತೂಗುವ ಗಂಡಿನ ಎದುರು ನಿಮ್ಮ ತೋಟದ ಆಳುಮಕ್ಕಳು ಏನು ಮಾಡಬೇಕು?

ಕೊಡಗಿನದೇ ಆದ ತೊಂದರೆಗಳೂ ಇವೆ. ಬಯಲು ಜೀಬ್ರಾದ ಗೊರಸು ಗಟ್ಟಿ ನೆಲಕ್ಕೆ ಹೊಂದಿದ್ದು. ನಮ್ಮ ಮಳೆಗಾಲದ ಕೆಸರಿನಲ್ಲಿ ತಿಂಗಳುಗಟ್ಟಲೆ ನಿಂತರೆ ಗೊರಸಿನ ಒಳಭಾಗ ಮೆತ್ತಗಾಗಿ ಕೊಳೆಯುತ್ತದೆ. ನಿಮ್ಮ ಕುದುರೆಗಾದರೆ ಕಾಲೆತ್ತಿ ಕೆರೆದು ಮದ್ದು ಹಾಕಬಹುದು, ಲಾಳದವನು ಬಂದು ಸವರಿ ಹೋಗುತ್ತಾನೆ. ಜೀಬ್ರಾದ ಕಾಲೆತ್ತಲು ಅರಿವಳಿಕೆ ಬೇಕು. ಕುದುರೆಗೆ ಸಾಕಾಗುವ ಮಂಪರು ಔಷಧಿಯಷ್ಟರಿಂದಲೇ ಅದು ತಣ್ಣಗಾಗುವುದಿಲ್ಲ. ಮೃಗಾಲಯಗಳಲ್ಲಿ ಬಳಸುವ ಪ್ರಬಲ ಔಷಧಿ ಒಂದು ಹನಿ ತಪ್ಪಿ ವೈದ್ಯನ ಮೈಗೆ ಸೇರಿದರೆ ಅವನ ಜೀವಕ್ಕೇ ಕುತ್ತು. ತಾಲ್ಲೂಕಿನ ಪಶು ಆಸ್ಪತ್ರೆಯಲ್ಲಿ ಅದನ್ನು ನಿರೀಕ್ಷಿಸಬೇಡಿ.

ದಕ್ಷಿಣ ಕೊಡಗಿನ ತೋಟಗಳಿಗೆ ಹುಲಿ ಬಂದು ದನ ಹಿಡಿಯುವುದು ನಿಮಗೆ ಗೊತ್ತು. ಸಿದ್ದಾಪುರದ ಸುತ್ತ ಕಾಡಾನೆಯಂತೂ ದಿನನಿತ್ಯದ ಮಾತು. ರಾತ್ರಿ ಹುಲಿಯ ವಾಸನೆ ಗಾಳಿಯಲ್ಲಿ ಬಂದರೆ ಬೇಲಿಯೊಳಗಿನ ಜೀಬ್ರಾ ಕತ್ತಲಲ್ಲಿ ಬೇಲಿಗೇ ನುಗ್ಗುತ್ತದೆ. ಸಿಂಹದಿಂದ ತಪ್ಪಿಸಿಕೊಳ್ಳಲು ಬೆಳೆದು ಬಂದ ಕಾಲುಗಳು ತಂತಿ ಬೇಲಿಯಲ್ಲಿ ಸಿಕ್ಕಿಕೊಂಡರೆ ಏನಾಗುತ್ತದೆಂದು ನಾನು ಬಿಡಿಸಿ ಬರೆಯುವುದಿಲ್ಲ.

ನಿಮ್ಮ ಎರಡು ಕುದುರೆಗಳ ಬಗ್ಗೆಯೂ ಯೋಚಿಸಿ. ಆಫ್ರಿಕನ್ ಕುದುರೆ ಜ್ವರದ ವೈರಸ್ಸನ್ನು ಜೀಬ್ರಾ ರೋಗಲಕ್ಷಣವೇ ಇಲ್ಲದೆ ಹೊತ್ತು ತಿರುಗಬಲ್ಲದು, ಹರಡುವುದು ಸಣ್ಣ ನುಸಿಗಳು. 1987ರಲ್ಲಿ ನಮೀಬಿಯಾದಿಂದ ಸ್ಪೇನಿನ ಸಫಾರಿ ಪಾರ್ಕಿಗೆ ತಂದ ಜೀಬ್ರಾಗಳಿಂದಲೇ ಆ ದೇಶದ ಕುದುರೆಗಳಿಗೆ ಈ ರೋಗ ಹತ್ತಿತು. ಅದು ಪೂರಾ ಅಳಿಯಲು ವರ್ಷಗಳೇ ಹಿಡಿದವು. ಭಾರತಕ್ಕೂ 1960ರಲ್ಲಿ ಈ ರೋಗ ಬಂದು ಹೋಗಿದೆ. ತೀವ್ರವಾದಾಗ ಮೂಗಿನಲ್ಲಿ ನೊರೆ ಬಂದು ಕುದುರೆ ಕೆಲವೇ ದಿನದಲ್ಲಿ ಸಾಯುತ್ತದೆ. ನಮ್ಮ ತೋಟಗಳ ನೆರಳಲ್ಲಿ, ತೇವದಲ್ಲಿ ನುಸಿಗೆ ಬರವಿಲ್ಲ. ಕ್ವಾರಂಟೈನ್ ತಪ್ಪಿಸಿ ತಂದ ಒಂದು ಪ್ರಾಣಿ ಸಾಕು.

ಕಾನೂನಿನ ವಿಷಯ ಚಿಕ್ಕದಾಗಿ ಹೇಳುತ್ತೇನೆ. 1998ರ ಕೇಂದ್ರ ಸರ್ಕಾರದ ಅಧಿಸೂಚನೆ ಕರಡಿ, ಕೋತಿ, ಹುಲಿ, ಚಿರತೆ, ಸಿಂಹಗಳಿಗೆ ಆಟ ಕಲಿಸುವುದನ್ನೂ ಆಡಿಸುವುದನ್ನೂ ನಿಷೇಧಿಸಿತು. ಸುಪ್ರೀಂ ಕೋರ್ಟ್ 2001ರಲ್ಲಿ ಅದನ್ನು ಎತ್ತಿಹಿಡಿಯಿತು. ಆ ಪಟ್ಟಿಯಲ್ಲಿ ಜೀಬ್ರಾ ಹೆಸರಿಲ್ಲ ಎಂದು ನಿಮ್ಮ ವ್ಯಾಪಾರಿ ಹೇಳಬಹುದು, ಅದು ನಿಜವೂ ಹೌದು. ಆದರೆ 1960ರ ಪ್ರಾಣಿಹಿಂಸೆ ತಡೆ ಕಾಯ್ದೆಯ ಪ್ರಕಾರ ಟಿಕೆಟ್ ಇಟ್ಟು ಯಾವುದೇ ಪ್ರಾಣಿಯ ಆಟ ತೋರಿಸಲು, ಅದಕ್ಕಾಗಿ ಕಲಿಸಲು ನೋಂದಣಿ ಬೇಕೇ ಬೇಕು. ಸರ್ಕಸ್ಸಿನಲ್ಲಿ ಎಲ್ಲ ಪ್ರಾಣಿಗಳ ಪ್ರದರ್ಶನವನ್ನೂ ನಿಲ್ಲಿಸುವ ಕರಡು ನಿಯಮವನ್ನು ಕೇಂದ್ರ 2018ರ ನವೆಂಬರ್‌ನಲ್ಲೇ ಹೊರಡಿಸಿದೆ. ಜೀಬ್ರಾಗಳಲ್ಲಿ ಮೂರು ಜಾತಿ. ಗ್ರೇವಿ ಜೀಬ್ರಾ, ಬೆಟ್ಟದ ಜೀಬ್ರಾ ಎರಡೂ ಅಂತಾರಾಷ್ಟ್ರೀಯ ವನ್ಯಜೀವಿ ವ್ಯಾಪಾರ ಒಪ್ಪಂದದ ಪಟ್ಟಿಯಲ್ಲಿವೆ. ಬಯಲು ಜೀಬ್ರಾ ಅದರಲ್ಲಿಲ್ಲವಾದರೂ ಜೀವಂತ ಪ್ರಾಣಿಯ ಆಮದಿಗೆ ಪರವಾನಗಿ, ಆರೋಗ್ಯ ಪತ್ರ, ಕ್ವಾರಂಟೈನ್ ತಪ್ಪುವುದಿಲ್ಲ. ಇವುಗಳ ಮಾತೆತ್ತದೆ ಬೆಲೆಯ ಮಾತನ್ನಷ್ಟೇ ಆಡುವವರಿಂದ ದೂರ ಇರಿ.

ಪ್ರವಾಸಿಗರಿಗೆ ಏನಾದರೂ ಹೊಸತು ಕೊಡಬೇಕೆಂಬ ನಿಮ್ಮ ಆಸೆ ಸಹಜ. ನಿಮ್ಮಲ್ಲಿರುವ ಕುದುರೆಗಳಿಗೇ ಮೇಲೆ ಹೇಳಿದ ಪಾಠ ಶುರು ಮಾಡಿ: ಹಗ್ಗವಿಲ್ಲದೆ ನಿಮ್ಮ ಜೊತೆ ನಡೆಯುವುದು, ಸನ್ನೆಗೆ ನಿಲ್ಲುವುದು, ಚೆಂಡಿಗೆ ಮೂಗು ತಾಗಿಸುವುದು, ಸೂಜಿಮದ್ದಿಗೆ ಅಲುಗದೆ ನಿಲ್ಲುವುದು. ದಿನಕ್ಕೆ ಹತ್ತು ನಿಮಿಷ ಸಾಕು. ಬರುವ ಮಕ್ಕಳನ್ನು ಬೇಲಿಯಾಚೆ ಕೂರಿಸಿ ಕುದುರೆಯ ಕಿವಿ ನೋಡಿ ಅದರ ಮನಸ್ಸು ಹೇಳುವುದನ್ನು ಕಲಿಸಿದರೆ, ಬೆನ್ನೇರಿ ಒಂದು ಸುತ್ತು ಬರುವುದಕ್ಕಿಂತ ಅವರಿಗೆ ಹೆಚ್ಚು ಖುಷಿಯಾಗುತ್ತದೆ. ಜೀಬ್ರಾ ನೋಡಲೇಬೇಕೆನ್ನುವವರಿಗೆ ಮೈಸೂರು ಮೃಗಾಲಯ ಇದೆ. ಬೆಳಗ್ಗೆ ಬಾಗಿಲು ತೆರೆಯುವ ಹೊತ್ತಿಗೆ ಹೋಗಲು ಹೇಳಿ, ಬಿಸಿಲೇರಿದ ಮೇಲೆ ಅವು ನೆರಳಲ್ಲಿ ನಿಂತುಬಿಡುತ್ತವೆ.

ವ್ಯಾಪಾರಿಗೆ ಈಗಾಗಲೇ ಮುಂಗಡ ಕೊಟ್ಟಿದ್ದರೆ ಬರಹದಲ್ಲೇ ವಾಪಸ್ ಕೇಳಿ, ಪ್ರಾಣಿ ಬೇಡವೆಂದು ಅದರಲ್ಲಿ ಸ್ಪಷ್ಟವಾಗಿ ಬರೆಯಿರಿ. ಜೀಬ್ರಾಗಳು ಆಗಲೇ ದೇಶದೊಳಗೆ ಬಂದಿವೆ ಎಂದು ಆತ ಹೇಳಿದರೆ ಮಡಿಕೇರಿಯ ಅರಣ್ಯ ಇಲಾಖೆ ಮತ್ತು ಪಶುಪಾಲನಾ ಇಲಾಖೆ ಕಚೇರಿಗಳಿಗೆ ತಿಳಿಸಿ. ಅಲ್ಲಿಯವರೆಗೆ ನಿಮ್ಮ ಕುದುರೆಗಳನ್ನು ಆ ಜೀಬ್ರಾಗಳು ನಿಂತ ಜಾಗದ ಹತ್ತಿರ ಒಯ್ಯಬೇಡಿ.